ಎಷ್ಟು ತಿದ್ದಬೇಕು, ಎಲ್ಲಿ ತಿದ್ದಬೇಕು

ಶಾಮಿಯಾನದ ಕೆಳಗೆ ತೆಗೆದ ಮದುವೆ ಫೋಟೋಗಳನ್ನು ನೋಡಿ. ಕೆಂಪು ಬಟ್ಟೆಯ ಕೆಳಗೆ ಕೂತವರ ಮುಖವೆಲ್ಲ ಕೆಂಪು. ಅಡುಗೆಯ ಕಡೆ ಕಟ್ಟಿದ ಟಾರ್ಪಾಲಿನಡಿ ನಿಂತವರು ನೀಲಿ. ಪೆಂಡಾಲಿನ ಅಂಚಿನಲ್ಲಿ ಬಿಸಿಲಿಗೆ ಸಿಕ್ಕವರ ಪಂಚೆಯಲ್ಲಿ ನೆರಿಗೆಯೇ ಕಾಣದಷ್ಟು ಬಿಳುಪು. ಅಲ್ಲಿದ್ದವರ ಕಣ್ಣಿಗೆ ಇದ್ಯಾವುದೂ ಬಿದ್ದಿರುವುದಿಲ್ಲ, ಏಕೆಂದರೆ ಮಿದುಳು ಬೆಳಕಿನ ಬಣ್ಣವನ್ನು ಕಳೆದು ನೋಡುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ.

ಇಂಥದೊಂದು ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ಸರಿಪಡಿಸಲು ಕೂತರೆ ಎಡಿಟಿಂಗಿನ ಮುಖ್ಯ ಪಾಠಗಳೆಲ್ಲ ಅದರಲ್ಲೇ ಸಿಗುತ್ತವೆ. ಕೆಂಪು ತಗ್ಗಲೆಂದು ಸ್ಲೈಡರ್ ಎಳೆದರೆ ನೀಲಿ ಮುಖಗಳು ಇನ್ನಷ್ಟು ನೀಲಿಯಾಗುತ್ತವೆ. ಕತ್ತಲೆಯ ಮುಖ ಕಾಣಲೆಂದು ಬೆಳಕು ಏರಿಸಿದರೆ ಪಂಚೆಯ ಬಿಳುಪು ಹತ್ತಿರದವರ ಮೇಲೂ ಹರಡುತ್ತದೆ. ಫೋಟೋಶಾಪ್, ಗಿಂಪ್‌ಗಳ ಮೆನುಗಳಲ್ಲಿ ನೂರಾರು ಆಜ್ಞೆಗಳಿವೆ. ಆದರೆ ಕಲಿಯುವವರ ಮುಂದಿರುವ ಪ್ರಶ್ನೆ ಎರಡೇ: ಎಷ್ಟು ತಿದ್ದಬೇಕು, ಎಲ್ಲಿ ತಿದ್ದಬೇಕು. ಮೊದಲನೆಯದಕ್ಕೆ ಕರ್ವ್ ಇದೆ, ಎರಡನೆಯದಕ್ಕೆ ಮಾಸ್ಕ್ ಇದೆ. ಉಳಿದವುಗಳಲ್ಲಿ ಹೆಚ್ಚಿನವು ಅನುಕೂಲಕ್ಕೆಂದು ಇರುವವು. ಹೊಸಬರಿಗೆಂದು ಬರೆಯುವವರು ಸಾಮಾನ್ಯವಾಗಿ ಈ ಎರಡನ್ನೂ 'ಮುಂದುವರಿದ ಪಾಠ'ಗಳೆಂದು ಕೊನೆಗೆ ತಳ್ಳಿ, ಬ್ರೈಟ್‌ನೆಸ್, ಫಿಲ್ಟರ್‌ಗಳಿಂದ ಶುರುಮಾಡುತ್ತಾರೆ. ಅದು ತಿರುಗುಮುರುಗು ಎಂಬುದು ನನ್ನ ಅಭಿಪ್ರಾಯ.

ಯಾವ ಸಾಫ್ಟ್‌ವೇರ್ ಎಂಬ ಜಗಳವನ್ನು ಬೇಗ ಮುಗಿಸಿಬಿಡೋಣ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್ ಮತ್ತು ಸಿನಿಮಾದ ವಿಶೇಷ ಪರಿಣಾಮಗಳ ಕೆಲಸದಲ್ಲಿದ್ದ ಅವರ ತಮ್ಮ ಜಾನ್ ನೋಲ್ ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 2013ರಿಂದೀಚೆಗೆ ಅದಕ್ಕೆ ಬಾಡಿಗೆಯಂತೆ ಚಂದಾ ಕಟ್ಟುವ ಪದ್ಧತಿ. ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಗಿಂಪ್‌ಗೆ ಅಂದಿನಿಂದ ಇಂದಿನವರೆಗೂ ದುಡ್ಡಿಲ್ಲ. ಗಿಂಪ್‌ನಲ್ಲಿ ಹಾಕಿದ ಫಿಲ್ಟರನ್ನು ಆಮೇಲೆ ಬದಲಿಸಲು ಬರುವುದಿಲ್ಲ ಎಂಬ ಹಳೆಯ ದೂರು 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಿಂದ ಬಹುಮಟ್ಟಿಗೆ ನೀಗಿತು. ಕ್ಯಾಮೆರಾದ ರಾ (ಕಚ್ಚಾ) ಫೈಲುಗಳನ್ನು ಸಂಸ್ಕರಿಸಲು ಲೈಟ್‌ರೂಮ್ ಇದೆ. ಉಚಿತವಾಗಿ ಬೇಕೆಂದರೆ ಡಾರ್ಕ್‌ಟೇಬಲ್, ರಾಥೆರಪಿ ಇವೆ. ಫೋನಿನ ಜೆಪೆಗ್ ಚಿತ್ರಗಳಷ್ಟೇ ಇರುವವರಿಗೆ ಗಿಂಪ್ ಸಾಕು. ಕ್ಯಾಮೆರಾ ಇದ್ದು ರಾ ತೆಗೆಯುವವರು ಡಾರ್ಕ್‌ಟೇಬಲ್ ಕಲಿಯಲಿ, ಮೊದಲ ವಾರ ಅದು ಹೆದರಿಸುತ್ತದೆ ಎಂಬುದನ್ನು ತಿಳಿದುಕೊಂಡು. ಚಂದಾ ಕಟ್ಟುವ ಮನಸ್ಸು ಆಮೇಲೂ ಬರಬಹುದು. ಒಂದರಲ್ಲಿ ಕರ್ವ್ ಕಲಿತವರಿಗೆ ಇನ್ನೊಂದರಲ್ಲಿ ಹುಡುಕಬೇಕಾಗುವುದು ಮೆನು ಮಾತ್ರ.

ರಾ ಮತ್ತು ಜೆಪೆಗ್‌ಗಳ ವ್ಯತ್ಯಾಸ ಮಾತ್ರ ಚೆನ್ನಾಗಿ ತಿಳಿದಿರಬೇಕು. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲುಗಳು. ಹದಿನಾಲ್ಕು ಬಿಟ್‌ನ ರಾ ಫೈಲಿನಲ್ಲಿ 16,384. ನೆರಳಿನ ಮುಖವನ್ನು ಬೆಳಕಿಗೆ ತರುವುದೆಂದರೆ ಇರುವ ಮೆಟ್ಟಿಲುಗಳನ್ನು ದೂರ ದೂರ ಸರಿಸುವುದು. ಮೆಟ್ಟಿಲು ಕಡಿಮೆಯಿದ್ದರೆ ನಡುವೆ ಬಿರುಕು ಕಾಣುತ್ತದೆ, ಸಂಜೆಯ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಇಷ್ಟಾದರೂ ಎರಡರಲ್ಲೂ ಒಂದು ಮಿತಿ ಇದ್ದೇ ಇದೆ. ಕ್ಯಾಮೆರಾದ ಸೆನ್ಸರ್ ತುಂಬಿ ತುಳುಕುವಷ್ಟು ಬೆಳಕು ಬಿದ್ದ ಜಾಗದಲ್ಲಿ ಮಾಹಿತಿಯೇ ಇರುವುದಿಲ್ಲ. ಆ ಬಿಸಿಲಿನ ಪಂಚೆಯ ನೆರಿಗೆಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು, ಬೇಕಿದ್ದರೆ ಹೊಸದಾಗಿ ಬರೆಯಬಹುದು ಅಷ್ಟೆ.

ಕೆಲಸ ಶುರುವಾಗುವುದು ಹಿಸ್ಟೋಗ್ರಾಮ್ ಎಂಬ ಗುಡ್ಡದಾಕಾರದ ನಕ್ಷೆಯನ್ನು ನೋಡುವುದರಿಂದ. ಎಡತುದಿಯಲ್ಲಿ 0, ಅಂದರೆ ಶುದ್ಧ ಕಪ್ಪು. ಬಲತುದಿಯಲ್ಲಿ 255, ಶುದ್ಧ ಬಿಳಿ. ಎಷ್ಟು ಪಿಕ್ಸೆಲ್‌ಗಳು ಯಾವ ಮಟ್ಟದಲ್ಲಿವೆ ಎಂಬುದನ್ನು ಗುಡ್ಡದ ಎತ್ತರ ಹೇಳುತ್ತದೆ. ಗುಡ್ಡ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಬೆಳಕು ಸುಟ್ಟಿದೆ, ಎಡಗಡೆಗೆ ಒತ್ತಿಕೊಂಡಿದ್ದರೆ ನೆರಳು ಮುಳುಗಿದೆ. ಎರಡೂ ಕಡೆ ಖಾಲಿ ಬಿಟ್ಟು ನಡುವೆ ಮಾತ್ರ ಇದ್ದರೆ ಚಿತ್ರ ಮಂಕಾಗಿದೆ. ಲೆವೆಲ್ಸ್ ಎಂಬ ಸಲಕರಣೆಯಲ್ಲಿ ಕಪ್ಪಿನ ಮೊಳೆಯನ್ನು ಗುಡ್ಡದ ಎಡ ಬುಡಕ್ಕೂ ಬಿಳಿಯದನ್ನು ಬಲ ಬುಡಕ್ಕೂ ಸರಿಸಿದರೆ ಆ ಮಂಕು ಹರಿಯುತ್ತದೆ. ನಡುವಿನ ಮೊಳೆ ಒಟ್ಟಾರೆ ಬೆಳಕನ್ನು ಏರಿಸಿ ಇಳಿಸುತ್ತದೆ.

ಆದರೆ ಪ್ರತಿ ಚಿತ್ರಕ್ಕೂ ಇದನ್ನೇ ಮಾಡಿದರೆ ಕೆಟ್ಟಿತು. ಆಗುಂಬೆಯಲ್ಲಿ ಮಳೆಗಾಲದ ಬೆಳಿಗ್ಗೆ ಮಂಜಿನಲ್ಲಿ ತೆಗೆದ ಫೋಟೋದ ಗುಡ್ಡ ನಡುವೆಯೇ ಇರುತ್ತದೆ, ಇರಬೇಕು. ಮಂಜಿನಲ್ಲಿ ಶುದ್ಧ ಕಪ್ಪು ಎಲ್ಲಿಂದ ಬರಬೇಕು? 'ಆಟೋ' ಬಟನ್ ಒತ್ತಿ ನೋಡಿ: ಗುಡ್ಡ ಎರಡೂ ತುದಿಗೆ ಹಿಗ್ಗುತ್ತದೆ, ಮರಗಳು ಗಡುಸಾಗುತ್ತವೆ, ಮಂಜು ಕೊಳಕು ಹೊಗೆಯಾಗುತ್ತದೆ. ಕೆರೆಯಲ್ಲಿ ಮಲಗಿದ ಎಮ್ಮೆಯ ಚಿತ್ರದ ಗುಡ್ಡ ಎಡಕ್ಕೆ ವಾಲಿದ್ದರೆ ಅದೂ ತಪ್ಪಲ್ಲ. ಆದರ್ಶ ಹಿಸ್ಟೋಗ್ರಾಮ್ ಎಂಬುದೊಂದಿಲ್ಲ. ಎದುರಿಗಿದ್ದ ಬೆಳಕು ಎಂಥದು ಎಂದು ನೆನಪಿರುವವರಿಗೆ ಹಿಸ್ಟೋಗ್ರಾಮ್ ಉಪಯೋಗಕ್ಕೆ ಬರುತ್ತದೆ.

ಲೆವೆಲ್ಸ್‌ಗಿಂತ ಕರ್ವ್ ದೊಡ್ಡದು. ಒಂದು ಚೌಕ, ಅದರಲ್ಲಿ ಓರೆಯಾಗಿ ಒಂದು ಗೆರೆ. ಅಡ್ಡಕ್ಕೆ ಇರುವುದು ಚಿತ್ರದಲ್ಲಿ ಈಗಿರುವ ಬೆಳಕಿನ ಮಟ್ಟ, ಉದ್ದಕ್ಕೆ ಇರುವುದು ನಮಗೆ ಬೇಕಾದ ಮಟ್ಟ. ಗೆರೆಯ ಯಾವುದೇ ಬಿಂದುವನ್ನು ಹಿಡಿದು ಮೇಲೆತ್ತಿದರೆ ಆ ಮಟ್ಟದ ಪಿಕ್ಸೆಲ್‌ಗಳು ಬೆಳಗುತ್ತವೆ, ಕೆಳಗೆಳೆದರೆ ಕಪ್ಪಾಗುತ್ತವೆ. ನೆರಳಿನ ಭಾಗವನ್ನು ಸ್ವಲ್ಪ ಇಳಿಸಿ, ಬೆಳಕಿನ ಭಾಗವನ್ನು ಸ್ವಲ್ಪ ಏರಿಸಿದಾಗ ಗೆರೆ ಇಂಗ್ಲಿಷ್‌ನ ಎಸ್ ಅಕ್ಷರದಂತೆ ಬಾಗುತ್ತದೆ, ಚಿತ್ರಕ್ಕೆ ಕಸುವು ಬರುತ್ತದೆ. ಗೆರೆ ಎಲ್ಲಿ ಕಡಿದಾಗಿದೆಯೋ ಅಲ್ಲಿ ಕಾಂಟ್ರಾಸ್ಟ್ ಹೆಚ್ಚು, ಎಲ್ಲಿ ಚಪ್ಪಟೆಯೋ ಅಲ್ಲಿ ಕಡಿಮೆ. ಚೌಕದ ಎತ್ತರ ಹೆಚ್ಚುವುದಿಲ್ಲವಾದ್ದರಿಂದ ಒಂದು ಕಡೆ ಕಡಿದಾಗಿಸಿದರೆ ಇನ್ನೊಂದು ಕಡೆ ಚಪ್ಪಟೆಯಾಗಲೇಬೇಕು. ಮುಖದ ವಿವರಕ್ಕೆ ಕೊಟ್ಟದ್ದನ್ನು ಆಕಾಶದಿಂದಲೋ ಕೂದಲಿನಿಂದಲೋ ಕಿತ್ತುಕೊಂಡಿರುತ್ತೇವೆ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ 'ಕ್ಲಾರಿಟಿ', 'ಪಂಚ್', 'ಎಚ್‌ಡಿಆರ್ ಲುಕ್' ಎಂದು ಮಾರುವ ಪ್ರಿಸೆಟ್‌ಗಳ ಮೇಲಿನ ಮೋಹ ತಾನಾಗಿ ಇಳಿಯುತ್ತದೆ.

ಬಣ್ಣಕ್ಕೂ ಕರ್ವೇ ಮೂಲ. ಕೆಂಪು, ಹಸಿರು, ನೀಲಿ ಚಾನೆಲ್‌ಗಳಿಗೆ ಬೇರೆ ಬೇರೆ ಗೆರೆಗಳಿವೆ. ಹೊಸಬರಿಗೆ ಅದಕ್ಕಿಂತ ಸುಲಭದ ದಾರಿ ವೈಟ್ ಬ್ಯಾಲೆನ್ಸಿನ ಡ್ರಾಪರ್: ನಿಜದಲ್ಲಿ ಬೂದು ಅಥವಾ ಸುಡದ ಬಿಳಿ ಬಣ್ಣದ ಜಾಗವೊಂದರ ಮೇಲೆ ಒತ್ತಿದರೆ ಉಳಿದದ್ದನ್ನು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ನೆರಳಿನಲ್ಲಿರುವ ಪಂಚೆ, ಸಿಮೆಂಟಿನ ಕಂಬ ಒಳ್ಳೆಯ ಗುರಿಗಳು. ರಾ ಸಾಫ್ಟ್‌ವೇರ್‌ಗಳಲ್ಲಿ ಕೆಲ್ವಿನ್ ಸಂಖ್ಯೆಯ ಸ್ಲೈಡರ್ ಇರುತ್ತದೆ, ಅದು ಹಲವರನ್ನು ಗೊಂದಲಕ್ಕೆ ಬೀಳಿಸುತ್ತದೆ. ಹಳೆಯ ಬಲ್ಬಿನ ಹಳದಿ ಬೆಳಕು ಸುಮಾರು 2,800 ಕೆಲ್ವಿನ್, ಹಗಲಿನದು 5,500ರ ಆಸುಪಾಸು. ಹಾಗಿದ್ದರೆ ಸಂಖ್ಯೆ ಏರಿಸಿದಾಗ ಚಿತ್ರ ನೀಲಿಯಾಗಬೇಕಲ್ಲವೆ, ಹಳದಿಯಾಗುವುದೇಕೆ? ನಾವು ಅಲ್ಲಿ ಹೇಳುತ್ತಿರುವುದು 'ಬೆಳಕು ಇಂಥದಿತ್ತು' ಎಂದು. ಬೆಳಕು ನೀಲಿಯಿತ್ತು ಎಂದು ಹೇಳಿದರೆ ಸಾಫ್ಟ್‌ವೇರ್ ಅದನ್ನು ಕಳೆಯಲು ಹಳದಿ ಸೇರಿಸುತ್ತದೆ.

ಬಿಳಿ ಎಲ್ಲ ಕಡೆಯೂ ಬಿಳಿಯಾಗಬೇಕೆಂದೇನೂ ಇಲ್ಲ. ಲಕ್ಷದೀಪೋತ್ಸವದ ಫೋಟೋದಲ್ಲಿ ಡ್ರಾಪರ್ ಒತ್ತಿ ಹಣತೆಯ ಬೆಳಕನ್ನು ಟ್ಯೂಬ್‌ಲೈಟ್ ಮಾಡಿದವರನ್ನು ಕಂಡಿದ್ದೇನೆ. ಅಲ್ಲಿ ಹಳದಿಯೇ ವಿಷಯ. ಅರ್ಧದಷ್ಟು ತಿದ್ದಿ ಬಿಟ್ಟುಬಿಡಬೇಕು.

ಕ್ರಾಪ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಓರೆಯಾದ ದಿಗಂತವನ್ನು ನೆಟ್ಟಗೆ ಮಾಡಿ, ಅಂಚಿನಲ್ಲಿ ಇಣುಕುವ ಅರ್ಧ ಮುಖ, ಚಪ್ಪಲಿ, ಪ್ಲಾಸ್ಟಿಕ್ ಕುರ್ಚಿಯ ಕಾಲನ್ನು ಹೊರಗಿಡಿ. ಮಣಿಕಟ್ಟು, ಮಂಡಿಯ ಕೀಲಿನಲ್ಲಿ ಕತ್ತರಿಸಬೇಡಿ. 'ಕ್ರಾಪ್ ಮಾಡಿದ ಪಿಕ್ಸೆಲ್ ಅಳಿಸು' ಎಂಬ ಆಯ್ಕೆ ಗಿಂಪ್, ಫೋಟೋಶಾಪ್ ಎರಡರಲ್ಲೂ ಇದೆ, ಅದರ ಗುರುತು ತೆಗೆದಿಟ್ಟರೆ ಕತ್ತರಿಸಿದ್ದು ಕಾಣದಾಗುತ್ತದೆಯೇ ಹೊರತು ಹೋಗುವುದಿಲ್ಲ.

ಇನ್ನು 'ಎಲ್ಲಿ' ಎಂಬುದು. ಇದು ಕಂಪ್ಯೂಟರ್ ತಂದ ಪ್ರಶ್ನೆಯಲ್ಲ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡುವುದನ್ನು ತೆಗೆದ ಚಿತ್ರ ಪ್ರಸಿದ್ಧ. ಅದೇ ನೆಗೆಟಿವ್‌ನಿಂದ ಅವರು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟ್ ಹಾಕಿದರು. ಆರಂಭದ ಪ್ರಿಂಟುಗಳಲ್ಲಿ ಆಕಾಶ ಬೂದಾಗಿದೆ, ಮೋಡಗಳಿವೆ. ಕೊನೆಯವುಗಳಲ್ಲಿ ಅದು ಹೆಚ್ಚುಕಡಿಮೆ ಕಪ್ಪು. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಬೆಳಕಿಗೆ ಕೈಯನ್ನೋ ರಟ್ಟನ್ನೋ ಅಡ್ಡ ಹಿಡಿದು ಒಂದು ಭಾಗಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಬೆಳಕು ಬೀಳಿಸುತ್ತಿದ್ದರು. ಡಾಡ್ಜ್, ಬರ್ನ್ ಎಂಬ ಹೆಸರುಗಳು ಅಲ್ಲಿಂದ ಬಂದವು. ನಮ್ಮ ಊರುಗಳ ಸ್ಟುಡಿಯೋದವರೂ ಹಾಗೇ ಮಾಡುತ್ತಿದ್ದರು, ಅಷ್ಟೇ ಅಲ್ಲ, ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆಯೇ ಮುಖದ ಕಲೆಗಳನ್ನು ಮುಚ್ಚುತ್ತಿದ್ದರು.

ಆ ರಟ್ಟಿನ ಜಾಗಕ್ಕೆ ಬಂದದ್ದು ಲೇಯರ್ ಮತ್ತು ಮಾಸ್ಕ್. ಫೋಟೋಶಾಪ್‌ಗೆ ಲೇಯರ್‌ಗಳು ಸೇರಿದ್ದು 1994ರ ಮೂರನೇ ಆವೃತ್ತಿಯಲ್ಲಿ. ಚಿತ್ರದ ಮೇಲೆ ಅದೇ ಚಿತ್ರದ ಇನ್ನೊಂದು ಪ್ರತಿ ಇಟ್ಟು, ಮೇಲಿನದನ್ನು ಮಾತ್ರ ತಿದ್ದಿ, ಎಲ್ಲೆಲ್ಲಿ ಬೇಕೋ ಅಲ್ಲಿ ಅದನ್ನು ಕಾಣುವಂತೆ ಮಾಡುವುದು ಇದರ ಉಪಾಯ. ಎಲ್ಲಿ ಕಾಣಬೇಕೆಂದು ಹೇಳುವುದೇ ಮಾಸ್ಕ್: ಅದರಲ್ಲಿ ಬಿಳಿ ಇದ್ದಲ್ಲಿ ಮೇಲಿನ ಪ್ರತಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಕೆಳಗಿನದು. ಚುನಾವಣೆಯ ಕಾಲದಲ್ಲಿ ಗೋಡೆಗೆ ಚಿಹ್ನೆ ಬಳಿಯುವವರು ತಗಡಿನ ಅಚ್ಚು ಹಿಡಿಯುತ್ತಾರಲ್ಲ, ಹಾಗೆ. ಈ ತಗಡಿನಲ್ಲಿ ಮಾತ್ರ ಬೂದು ಬಣ್ಣ ಬಳಿದು ಬಣ್ಣವನ್ನು ಅರ್ಧವೇ ಇಳಿಯುವಂತೆ ಮಾಡಬಹುದು.

ಶಾಮಿಯಾನದ ಫೋಟೋಕ್ಕೆ ಇದನ್ನು ಹೀಗೆ ಬಳಸಬಹುದು. ಗಿಂಪ್‌ನಲ್ಲಿ ಲೇಯರಿನ ಒಂದು ಪ್ರತಿ ಮಾಡಿ. ನೀಲಿ ಮುಖಗಳನ್ನು ಮರೆತು, ಕೆಂಪು ಮುಖಗಳು ಸರಿಕಾಣುವವರೆಗೆ ಕೆಂಪು ಚಾನೆಲಿನ ಕರ್ವ್ ಇಳಿಸಿ. ಇಡೀ ಚಿತ್ರ ಹಾಳಾದಂತೆ ಕಾಣುತ್ತದೆ, ಕಾಣಲಿ. ಈಗ ಆ ಲೇಯರಿಗೆ ಪೂರ್ತಿ ಕಪ್ಪು ಮಾಸ್ಕ್ ಸೇರಿಸಿ. ಮಾಡಿದ್ದೆಲ್ಲ ಮಾಯವಾಗುತ್ತದೆ. ಬಿಳಿ ಬಣ್ಣದ, ಅಂಚು ಮೆತ್ತಗಿರುವ ದೊಡ್ಡ ಬ್ರಷ್ ತೆಗೆದುಕೊಂಡು, ಅದರ ಗಾಢತೆಯನ್ನು 30 ಪ್ರತಿಶತದ ಹತ್ತಿರ ಇಟ್ಟು, ಕೆಂಪು ಮುಖಗಳ ಮೇಲೆ ಎರಡು ಮೂರು ಸಲ ಎಳೆಯಿರಿ. ಮೆಲ್ಲಗೆ ಮೈಬಣ್ಣ ಮರಳುತ್ತದೆ. ಹೆಚ್ಚಾಯಿತೆನಿಸಿದರೆ ಕಪ್ಪು ಬ್ರಷ್. ನೀಲಿ ಗುಂಪಿಗೆ ಇನ್ನೊಂದು ಪ್ರತಿ, ಇನ್ನೊಂದು ಮಾಸ್ಕ್. ಕಲಿಯುವವರು ಎಡವುವುದು ಬ್ರಷ್ಷಿನ ಅಂಚಿನಲ್ಲಿ: ಅದು ಗಡುಸಾಗಿದ್ದರೆ ತಲೆಯ ಸುತ್ತ ಪ್ರಭಾವಳಿ ಬಂದು ದೇವರ ಪಟವಾಗುತ್ತದೆ. ಡಾರ್ಕ್‌ಟೇಬಲ್, ಲೈಟ್‌ರೂಮ್‌ಗಳಲ್ಲಿ ಲೇಯರ್ ಕಾಣದಿದ್ದರೂ ಮಾಸ್ಕ್ ಇದೆ, ತರ್ಕ ಇದೇ. ಅವು ಮೂಲ ಫೈಲನ್ನು ಮುಟ್ಟದೆ, ಏನೇನು ತಿದ್ದಬೇಕೆಂಬ ಸೂಚನೆಯನ್ನಷ್ಟೇ ಬೇರೆಯಾಗಿ ಬರೆದಿಡುತ್ತವೆ, ಮುಂದಿನ ವರ್ಷವೂ ಹಿಂದಕ್ಕೆ ಹೋಗಬಹುದು.

ಕಲೆ ತೆಗೆಯುವ ಸಲಕರಣೆಗಳು ಇದರ ಮುಂದಿನ ಹೆಜ್ಜೆ. ಕ್ಲೋನ್ ಎಂಬುದು ಒಂದು ಜಾಗದ ಪಿಕ್ಸೆಲ್‌ಗಳನ್ನು ಇನ್ನೊಂದು ಜಾಗಕ್ಕೆ ಇದ್ದಂತೆಯೇ ತಂದು ಹಾಕುತ್ತದೆ. ಹೀಲಿಂಗ್ ಸುತ್ತಲಿನ ಬೆಳಕು ಬಣ್ಣಕ್ಕೆ ಹೊಂದಿಸಿ ಹಾಕುತ್ತದೆ. ಬಯಲು ಆಕಾಶ, ಗೋಡೆ, ಕೆನ್ನೆಗೆ ಹೀಲಿಂಗ್ ಒಳ್ಳೆಯದು. ಗೋಡೆಯ ಅಂಚು, ಸೀರೆಯ ಸೆರಗಿನ ಹತ್ತಿರ ಅದು ಕಲಸಿಬಿಡುತ್ತದೆ, ಅಲ್ಲಿ ಕ್ಲೋನ್ ಬೇಕು. ಎಲ್ಲಿಂದ ತರಬೇಕೆಂದು ತೋರಿಸಲು ಗಿಂಪ್‌ನಲ್ಲಿ ಕಂಟ್ರೋಲ್ ಕೀ, ಫೋಟೋಶಾಪ್‌ನಲ್ಲಿ ಆಲ್ಟ್ ಕೀ ಒತ್ತಿ ಕ್ಲಿಕ್ ಮಾಡಬೇಕು. ಒಂದೇ ಕಡೆಯಿಂದ ಪದೇಪದೇ ತಂದರೆ ಹುಲ್ಲಿನಲ್ಲಿ ಒಂದೇ ಗರಿಕೆ ಹತ್ತು ಸಲ ಕಾಣಿಸಿ ಗುಟ್ಟು ಬಯಲಾಗುತ್ತದೆ. ಸುತ್ತಲಿನದನ್ನು ನೋಡಿ ತಾನೇ ತುಂಬುವ ಸೌಲಭ್ಯ ಫೋಟೋಶಾಪ್‌ಗೆ 2010ರಲ್ಲಿ ಬಂದಾಗ ದೊಡ್ಡ ಸುದ್ದಿಯಾಯಿತು. ಗಿಂಪ್ ಬಳಸುವವರು ಅದಕ್ಕೂ ಮೊದಲೇ ರಿಸಿಂಥಸೈಸರ್ ಎಂಬ ಪ್ಲಗಿನ್‌ನಲ್ಲಿ ಅದನ್ನು ಮಾಡುತ್ತಿದ್ದರು ಎಂಬುದು ಹೆಚ್ಚು ಜನರ ಗಮನಕ್ಕೆ ಬೀಳಲಿಲ್ಲ. 2023ರಿಂದೀಚೆಗೆ ಫೋಟೋಶಾಪ್‌ನಲ್ಲಿ ಕೃತಕ ಬುದ್ಧಿಮತ್ತೆ ಇಲ್ಲದ್ದನ್ನೂ ಬರೆದು ತುಂಬುತ್ತಿದೆ.

ಹೊಸಬರಿಗೆ ಅಭ್ಯಾಸಕ್ಕೆ ಮನೆಯ ಹಳೆಯ ಆಲ್ಬಮ್‌ಗಿಂತ ಒಳ್ಳೆಯದಿಲ್ಲ. 1980ರ ದಶಕದ ಬಣ್ಣದ ಪ್ರಿಂಟುಗಳೆಲ್ಲ ಕೆಂಪಗಾಗಿರುವುದನ್ನು ನೋಡಿರುತ್ತೀರಿ. ಆ ಕಾಲದ ಎಷ್ಟೋ ಕಾಗದಗಳಲ್ಲಿ ಕತ್ತಲೆಯಲ್ಲಿಟ್ಟರೂ ಸಯಾನ್ ವರ್ಣವೇ ಮೊದಲು ಮಾಸುತ್ತದೆ, ಅದರ ಎದುರು ಬಣ್ಣವಾದ ಕೆಂಪು ಮೇಲೇಳುತ್ತದೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಲೆವೆಲ್ಸ್‌ನಲ್ಲಿ ಒಂದೊಂದೇ ಚಾನೆಲ್ ತೆಗೆದು ಅದರ ಗುಡ್ಡದ ಎರಡು ಬುಡಗಳಿಗೆ ಮೊಳೆ ಸರಿಸಿ. ಮೂರನೆಯದು ಮುಗಿಯುವ ಹೊತ್ತಿಗೆ ಸೀರೆಯ ಹಸಿರು ಎದ್ದುಬರುವುದನ್ನು ನೋಡಬೇಕು! ಮಳೆಗಾಲದ ಬೂಷ್ಟಿನ ಚುಕ್ಕೆಗಳಿಗೆ ಹೀಲಿಂಗ್. ಕಣ್ಣು, ತುಟಿಯ ಹತ್ತಿರ ಮಾತ್ರ ಕೈ ಹಿಡಿತದಲ್ಲಿರಲಿ. ಅಜ್ಜಿಯ ನತ್ತನ್ನು ಕಲೆಯೆಂದು ಅಳಿಸಿದ ಉದಾಹರಣೆಗಳಿವೆ.

ಕೈ ಹಿಡಿತ ತಪ್ಪುವುದು ಹೆಚ್ಚಾಗಿ ಮೈಬಣ್ಣದಲ್ಲಿ. ಮದುವೆ ಆಲ್ಬಮ್‌ಗಳಲ್ಲಿ ವಧು ವರರ ಮುಖ ಬಿಳಿಚಿಸಿ, ಚರ್ಮದ ರಂಧ್ರಗಳನ್ನೆಲ್ಲ ಮಸುಕುಮಾಡಿ ಮೇಣದ ಗೊಂಬೆ ಮಾಡುವ ರೂಢಿ ಎಷ್ಟು ಗಟ್ಟಿಯಾಗಿದೆಯೆಂದರೆ ಹಾಗೆ ಮಾಡದ ಸ್ಟುಡಿಯೋದವರಿಗೆ ಗಿರಾಕಿಗಳೇ ಬೈಯುತ್ತಾರೆ. ಅವರನ್ನು ಮಾತ್ರ ದೂರಿ ಫಲವಿಲ್ಲ. ಆದರೆ ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ ಇರುವ ಫೋಟೋ ತಾಂತ್ರಿಕವಾಗಿಯೂ ಕೆಟ್ಟ ಕೆಲಸ. ಮೊಡವೆ ನಾಳೆ ಹೋಗುವಂಥದು, ತೆಗೆಯಿರಿ. ಮಚ್ಚೆ, ಬಣ್ಣ, ವಯಸ್ಸಿನ ಗೆರೆ ಆ ಮನುಷ್ಯರದ್ದು.

ಶಾರ್ಪ್ ಮಾಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬೇಕಾದ ಅಳತೆಗೆ ಚಿತ್ರವನ್ನು ಕುಗ್ಗಿಸಿದ ಮೇಲೆ. ತೆರೆಯ ಮೇಲೆ 100 ಪ್ರತಿಶತ ಗಾತ್ರದಲ್ಲಿ ನೋಡುತ್ತಾ ಮಾಡಬೇಕು, ಇಲ್ಲವಾದರೆ ಅಂಚುಗಳಲ್ಲಿ ಬಿಳಿ ಗೆರೆ ಮೂಡಿದ್ದು ತಿಳಿಯುವುದಿಲ್ಲ. ಅಲುಗಿದ ಫೋಟೋವನ್ನು ಇದು ನೆಟ್ಟಗೆ ಮಾಡುವುದಿಲ್ಲ. ರಾತ್ರಿ ಚಿತ್ರಗಳ ಕಾಳುಕಾಳು ತೆಗೆಯುವುದಿದ್ದರೆ ಅದು ಶಾರ್ಪ್‌ಗಿಂತ ಮೊದಲು.

ಫೋಟೋದ ಮೇಲೆ ಕನ್ನಡ ಬರೆಯಬೇಕಾದವರಿಗೆ ಒಂದು ಮಾತು. ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರಗಳ ಸಮೇತ ಸರಿಯಾಗಿ ಮೂಡುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಒಡೆದರೆ ಫಾಂಟನ್ನು ಬೈಯುವ ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ, ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಆಗಿದೆಯೇ ನೋಡಿ. ಇದು ಗೊತ್ತಿಲ್ಲದೆ ಇಂದಿಗೂ ಹಲವು ಫ್ಲೆಕ್ಸ್ ಅಂಗಡಿಗಳು 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಉಳಿದಿವೆ.

ಎಲ್ಲಿಯವರೆಗೆ ತಿದ್ದಬಹುದು ಎಂಬುದು ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ನ್ಯಾಷನಲ್ ಜಿಯಾಗ್ರಫಿಕ್ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲೆಂದು ಗಿಜಾದ ಪಿರಮಿಡ್ಡುಗಳನ್ನು ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. ಆಗ ಫೋಟೋಶಾಪ್ ಹುಟ್ಟಿಯೇ ಇರಲಿಲ್ಲ. 2006ರಲ್ಲಿ ಬೇರೂತ್ ಮೇಲಿನ ಹೊಗೆಯನ್ನು ಕ್ಲೋನ್ ಮಾಡಿ ಹೆಚ್ಚಿಸಿದ ಛಾಯಾಗ್ರಾಹಕನೊಬ್ಬನ ಚಿತ್ರಗಳನ್ನೆಲ್ಲ ರಾಯಿಟರ್ಸ್ ಹಿಂತೆಗೆದುಕೊಂಡಿತು. ಸಿಕ್ಕಿಬಿದ್ದದ್ದು ಮೇಲೆ ಹೇಳಿದ ತಪ್ಪಿನಿಂದಲೇ, ಒಂದೇ ಹೊಗೆಯ ಸುರುಳಿ ಮತ್ತೆ ಮತ್ತೆ ಬಂದಿತ್ತು. ಟಿ.ಎನ್.ಎ. ಪೆರುಮಾಳ್ ಅಂಥವರು ಬೆಳೆಸಿದ ಬೆಂಗಳೂರಿನ ವನ್ಯಜೀವಿ ಛಾಯಾಗ್ರಹಣದ ಪರಂಪರೆಯವರಿಗೆ ಇದ್ದುದನ್ನು ಬದಲಿಸದಿರುವ ಶಿಸ್ತು ಹೊಸದಲ್ಲ. ಸಲೋನ್ ಎಂದು ಕರೆಯುವ ಅಂತಾರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಕ್ರಾಪ್, ಬೆಳಕು, ಬಣ್ಣ ತಿದ್ದಬಹುದು. ಹಕ್ಕಿಯ ಮುಂದೆ ಅಡ್ಡ ಬಂದ ಕಡ್ಡಿಯೊಂದನ್ನು ಅಳಿಸಿದರೂ ಚಿತ್ರ ಹೊರಗೆ. ಮನೆಯ ಗೋಡೆಗೆ ಹಾಕುವ ಹಕ್ಕಿಗೆ ಈ ನಿಯಮವಿಲ್ಲ.

ಉಳಿಸುವಾಗ ಎರಡು ಪ್ರತಿ ಮಾಡಿ. ಲೇಯರ್‌ಗಳಿರುವ ಕೆಲಸದ ಪ್ರತಿ ಗಿಂಪ್‌ನ ಎಕ್ಸ್‌ಸಿಎಫ್ ಅಥವಾ ಪಿಎಸ್‌ಡಿಯಲ್ಲಿರಲಿ, ಹಂಚುವ ಪ್ರತಿ ಜೆಪೆಗ್‌ನಲ್ಲಿ. ಜೆಪೆಗ್ ಅನ್ನು ತೆರೆದು ತಿದ್ದಿ ಮತ್ತೆ ಜೆಪೆಗ್ ಆಗಿ ಉಳಿಸಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ವಿವರ ಸೋರಿಹೋಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ಹೋಗುತ್ತದೆ. ಆಗ ಫೋಟೋ ತೆಗೆದ ಜಾಗದ ವಿವರವೂ ಫೈಲಿನೊಳಗೇ ಹೋಗಬಹುದು ಎಂಬುದು ಗಮನದಲ್ಲಿರಲಿ. ಪ್ರಿಂಟಿಗಾದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ: 4×6 ಇಂಚಿಗೆ 1200×1800. ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ, ಊರಿನ ಲ್ಯಾಬ್‌ಗಳ ಯಂತ್ರಗಳು ಸಾಮಾನ್ಯವಾಗಿ ಅದನ್ನೇ ನಿರೀಕ್ಷಿಸುತ್ತವೆ. ಪ್ರಿಂಟ್ ಕಪ್ಪಾಗಿ ಬಂತೆಂದು ಲ್ಯಾಬಿನವರ ಜೊತೆ ಜಗಳಕ್ಕೆ ಹೋಗುವ ಮೊದಲು ನಿಮ್ಮ ಮಾನಿಟರಿನ ಬ್ರೈಟ್‌ನೆಸ್ ನೋಡಿ, ಬಹುತೇಕ ಅದು ಪೂರ್ತಿ ಏರಿಸಿಟ್ಟಿರುತ್ತದೆ. ಅರ್ಧಕ್ಕಿಳಿಸಿ, ಒಂದೇ ಫೋಟೋದ ಸಣ್ಣ ಪ್ರಿಂಟ್ ಒಂದನ್ನು ಹಾಕಿಸಿ ತೆರೆಯ ಪಕ್ಕ ಹಿಡಿದು ಹೋಲಿಸಿ. ಪ್ರಿಂಟಿಗೆ ಕೊಡುವಾಗ 'ಕರೆಕ್ಷನ್ ಮಾಡಬೇಡಿ' ಎಂದು ಹೇಳುವುದನ್ನು ಮರೆಯಬೇಡಿ. ಹೇಳದಿದ್ದರೆ ಅಲ್ಲಿನ ಯಂತ್ರವೋ ಆಪರೇಟರೋ ತಮ್ಮ ಲೆಕ್ಕದಲ್ಲಿ ಇನ್ನೊಂದು ಸುತ್ತು ತಿದ್ದಿ ಕೊಡಬಹುದು.